ಹೆಚ್ಚಾದ ಇನ್ನೂರೈವತ್ತೈದು ಗ್ರಾಂ

ನಾನು ಒಂದು ತೂಕದ ಯಂತ್ರ. ನಮ್ಮ ಕಡೆ ಅಂಗಡಿಗಳಲ್ಲಿ ನನ್ನಂಥವರನ್ನು ಕಾಟಾ ಎನ್ನುತ್ತಾರೆ. ಉಕ್ಕಿನದೊಂದು ತಟ್ಟೆ, ಅದರ ಕೆಳಗೆ ಬಿಳಿ ಪ್ಲಾಸ್ಟಿಕ್ಕಿನ ಮೈ, ಎದುರಿಗೆ ಕೆಂಪಗೆ ಬೆಳಗುವ ಅಂಕಿಗಳು. ಇಷ್ಟೇ ನನ್ನ ರೂಪ. ಐದು ಗ್ರಾಂ ಹೆಚ್ಚಾದರೂ ಹೇಳುತ್ತೇನೆ, ಐದು ಗ್ರಾಂ ಕಡಿಮೆಯಾದರೂ ಹೇಳುತ್ತೇನೆ. ನನಗೆ ಬರುವ ವಿದ್ಯೆ ಇದೊಂದೇ. ಒಂದು ಕಾಲದಲ್ಲಿ ಇದರ ಬಗ್ಗೆ ನನಗೆ ಬಹಳ ಜಂಬವಿತ್ತು. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಹೇಳಲು ಕೂತಿದ್ದೇನೆ.

ನಾನು ಹುಟ್ಟಿದ್ದು ಗುಜರಾತಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಡೆಯ ಮೇಜಿನಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ನನ್ನ ತಟ್ಟೆಯ ಮೇಲೆ ಒಂದು ಕಿಲೋದ ಹಿತ್ತಾಳೆ ಬಟ್ಟು ಇಟ್ಟಳು. ನಾನು ‘1.000’ ಎಂದೆ. ಆಕೆ ತಲೆಯಾಡಿಸಿ, ಕಾಗದದಲ್ಲಿ ಗುರುತು ಹಾಕಿ, ನನ್ನನ್ನು ಪೆಟ್ಟಿಗೆಗೆ ತುಂಬಿದಳು. ಅದು ನನ್ನ ಮೊದಲ ಮಾತು, ಅದು ನಿಜವಾಗಿತ್ತು.

ಅಲ್ಲಿಂದ ಬಾಗಲಕೋಟೆಯ ಒಂದು ಬೇಕರಿಗೆ ಬಂದೆ. ಮಾಲೀಕರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಬಾಯಿತುಂಬ ನಗುತ್ತ ಗಿರಾಕಿಗಳನ್ನು ಮಾತಾಡಿಸುವ ಮನುಷ್ಯ. ದಪ್ಪ ರಟ್ಟಿನ ಡಬ್ಬಿಯ ಸಮೇತ ಪೇಡಾ ತೂಗಿ, ಡಬ್ಬಿಗೂ ಪೇಡಾದ ದರ ಹಾಕುತ್ತಿದ್ದರು. ನಾನು ಹೇಳಿದ್ದು ಸುಳ್ಳಲ್ಲ, ಅವರು ಮಾಡಿದ್ದು ಸರಿಯಲ್ಲ. ನನ್ನ ಮೇಲೆ ಏನು ಇಟ್ಟರೋ ಅದರ ಭಾರ ಹೇಳುವುದಷ್ಟೇ ನನ್ನ ಕೆಲಸ, ಯಾರು ಇಟ್ಟರು, ಯಾಕೆ ಇಟ್ಟರು ಎನ್ನುವುದು ನನಗೆ ಸಂಬಂಧವಿಲ್ಲ ಎಂದು ಆಗ ಅಂದುಕೊಂಡಿದ್ದೆ. ನಾಲ್ಕು ವರ್ಷ ಕಳೆದ ಮೇಲೆ ಬಿಲ್ಲನ್ನೂ ತಾನೇ ಮುದ್ರಿಸುವ ಹೊಸ ಕಾಟಾ ಬಂತು. ನನ್ನನ್ನು ಮೈದಾ ಚೀಲಗಳ ಹಿಂದೆ ಒಗೆದರು.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಶಶಿಕಲಾ. ಗುಳೇದಗುಡ್ಡದವಳು, ಮೂವತ್ತೆರಡರ ಆಸುಪಾಸಿನ ಹೆಣ್ಣುಮಗಳು. ಹಳೆಯ ಕಾಟಾ ಇದ್ದರೆ ಕೊಡಿ ಎಂದು ಕೇಳಿ, ಮೈಮೇಲಿನ ಮೈದಾ ಒರೆಸಿ, ಚೀಲದಲ್ಲಿದ್ದ ಒಂದು ಕಿಲೋ ಸಕ್ಕರೆ ಪಾಕೀಟು ನನ್ನ ಮೇಲಿಟ್ಟು ನೋಡಿದಳು. ನಾನು ಸರಿಯಾಗಿ ಹೇಳಿದೆ. ಚೌಕಾಸಿ ಮಾಡಿ ಕೊಂಡಳು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕರೆತಂದಳು. ಅಷ್ಟು ಅಕ್ಕರೆಯಿಂದ ಅದುವರೆಗೆ ಯಾರೂ ನನ್ನನ್ನು ಹೊತ್ತಿರಲಿಲ್ಲ.

ಶಶಿಕಲಾಳದು ಫೋನಿನೊಳಗಿನ ಅಂಗಡಿ. ಅದಕ್ಕೆ ಬಾಗಿಲಿಲ್ಲ, ಹಲಗೆಯಿಲ್ಲ. ಹಳೆಯ ಸೀರೆ ಮತ್ತು ರವಿಕೆಯ ಖಣದ ತುಂಡುಗಳನ್ನು ಪದರ ಪದರವಾಗಿ ಹೊಲಿದ ಕೌದಿಗಳು ಅಲ್ಲಿ ಮಾರಾಟಕ್ಕಿದ್ದವು. ಹೊಲಿಯುವವಳು ಅತ್ತೆ ನಿಂಬೆವ್ವ. ಫೋಟೋ ಹಿಡಿಯುವುದು, ಮಾರುವುದು, ಕಳಿಸುವುದು ಸೊಸೆಯ ಪಾಲು. ಶಶಿಕಲಾಳ ಗಂಡ ಪಕ್ಕದ ಕೋಣೆಯಲ್ಲಿ ಮಗ್ಗದ ಮೇಲೆ ಖಣ ನೇಯುತ್ತಿದ್ದ. ಈ ಕಥೆಯಲ್ಲಿ ಅವನದು ಮಗ್ಗದ ಸಪ್ಪಳ ಮಾತ್ರ.

ನಾನು ಬರುವುದಕ್ಕೆ ಮುಂಚೆ ಅವರಿಗೆ ಸಾಗಣೆಯ ಲೆಕ್ಕ ತಿಳಿಯದೆ ಪೆಟ್ಟು ಬಿದ್ದಿತ್ತು. ಎಲ್ಲ ಊರಿಗೂ ಒಂದೇ ದರ ಎಂದು ಬರೆದುಬಿಟ್ಟಿದ್ದಳು ಶಶಿಕಲಾ. ದೆಹಲಿಗೆ ಹೋದ ದೊಡ್ಡ ಕೌದಿಯೊಂದು ಅದರ ಹೊಲಿಗೆಯ ಕೂಲಿಯನ್ನೆಲ್ಲ ನುಂಗಿತ್ತು. ಕೊರಿಯರಿನವರ ದರ ಅರ್ಧ ಅರ್ಧ ಕಿಲೋಗೆ ಏರುತ್ತದೆ. ಅರ್ಧ ಕಿಲೋದ ಗೆರೆಯನ್ನು ಒಂದು ಗ್ರಾಂ ದಾಟಿದರೂ ಮುಂದಿನ ಅರ್ಧ ಕಿಲೋದ ಹಣ ತೆರಬೇಕು. ಆದ್ದರಿಂದ ನಾನು ಬಂದ ಮೇಲೆ ಪ್ರತಿಯೊಂದು ಕಟ್ಟನ್ನೂ ನನ್ನ ಮೇಲಿಟ್ಟು, ಅಂಕಿ ಕಾಣುವಂತೆ ಫೋಟೋ ಹಿಡಿದು, ಆಮೇಲೆ ಚೀಟಿ ಅಂಟಿಸುವ ಪದ್ಧತಿ ಶುರುವಾಯಿತು. ಕೊರಿಯರಿನವರು ತೂಕದ ತಕರಾರು ತೆಗೆದರೆ ಆ ಫೋಟೋ ಸಾಕ್ಷಿ. ಎರಡು ಸಲ ತಕರಾರು ಬಂದಿತ್ತು, ಎರಡು ಸಲವೂ ನನ್ನ ಫೋಟೋ ಗೆದ್ದಿತ್ತು. ಶಶಿಕಲಾ ನನ್ನ ತಟ್ಟೆಯನ್ನು ತಟ್ಟಿ, ಈ ಮನೆಯಲ್ಲಿ ಸುಳ್ಳು ಹೇಳದವನು ನೀನೊಬ್ಬನೇ ಎಂದಿದ್ದಳು. ನಾನು ಉಬ್ಬಿಹೋಗಿದ್ದೆ.

ಗಿರಾಕಿಗಳು ಹಣ ಕೊಡುತ್ತಿದ್ದುದು ಕಾರ್ಡಿನಿಂದ. ಫೋನು ಟಿಂಗ್ ಎಂದರೆ ಯಾರೋ ಎಲ್ಲಿಂದಲೋ ಹಣ ಹಾಕಿದರು ಎಂದರ್ಥ. ಹಣ ದಾಟಿಸುವ ನಡುವಿನವರು ತಮ್ಮ ಪಾಲು ಮುರಿದುಕೊಂಡು ಎರಡು ಮೂರು ದಿನಕ್ಕೆ ಉಳಿದದ್ದನ್ನು ಖಾತೆಗೆ ಬಿಡುತ್ತಿದ್ದರು. ನಿಂಬೆವ್ವನಿಗೆ ಇದು ಒಗ್ಗಲೇ ಇಲ್ಲ. “ಕೊಡಾವ್ರ ಮಾರಿ ಕಾಣಂಗಿಲ್ಲ, ಕೈ ಕಾಣಂಗಿಲ್ಲ. ಎಂಥಾ ರೊಕ್ಕನೋ ಏನೋ” ಎನ್ನುತ್ತಿದ್ದಳು. ಅದಕ್ಕೇ ಯಾವ ಕೌದಿ ಯಾರಿಗೆ, ಯಾವ ಊರಿಗೆ ಎಂದು ಆಕೆಗೆ ಓದಿ ಹೇಳಬೇಕಿತ್ತು. ಹೆಸರು ಕೇಳದೆ ಆಕೆ ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ನಿಂಬೆವ್ವನದಿತ್ತು. ಆಕೆಗೆ ಕೌದಿಯೆಂದರೆ ಮನೆಯಿಂದ ಕಳಿಸಿಕೊಡುವ ಹೆಣ್ಣುಮಗಳು. ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಉಡಿ ತುಂಬುತ್ತಾರೆ. ಸೆರಗೊಡ್ಡಿ ನಿಂತವಳ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಬೇರು ಹಾಕಿ ಕಳಿಸುತ್ತಾರೆ. ಹಾಗೆಯೇ ಪ್ರತಿ ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ನಿಂಬೆವ್ವ ಎರಡು ಹಿಡಿ ಅಕ್ಕಿ ತುಂಬಿಬಿಡುತ್ತಿದ್ದಳು. ತೂಕ ಗೆರೆ ದಾಟುತ್ತಿತ್ತು. ಹೈದರಾಬಾದಿನ ಒಬ್ಬಾಕೆ ಕೌದಿಯಲ್ಲಿ ಹುಳು ಬಿದ್ದಿವೆ ಎಂದು ಫೋಟೋ ಕಳಿಸಿದ್ದಳು. ಸೊಸೆ ಗೋಗರೆದಳು, ಅತ್ತೆ ಎರಡು ದಿನ ಮಾತು ಬಿಟ್ಟಳು. ಕಡೆಗೆ ಮೂಲೆಗೆ ಐದೇ ಐದು ಕಾಳು ಎಂದು ರಾಜಿಯಾಯಿತು. ಐದು ಕಾಳು ಅಕ್ಕಿ ನನ್ನ ಅಂಕಿಯನ್ನು ಕದಲಿಸುವುದಿಲ್ಲ. ಮೂವರಿಗೂ ನೆಮ್ಮದಿಯಾಯಿತು.

ಶ್ರಾವಣದ ಒಂದು ಮಧ್ಯಾಹ್ನ ಫೋನು ಟಿಂಗ್ ಎಂದಿತು. ಶಶಿಕಲಾ ಎಂದಿನಂತೆ ಗಟ್ಟಿಯಾಗಿ ಓದಲು ಹೊರಟು ನಡುವೆ ನಿಂತುಬಿಟ್ಟಳು. ಅತ್ತೆ ಯಾರು ಎಂದು ಕೇಳಿದಳು.

“ಕಸ್ತೂರಿ ಕದಮ್ ಅಂತ್ರಿ. ಇಚಲಕರಂಜಿ.” ಸೊಸೆಯ ದನಿ ಸಣ್ಣಗಾಗಿತ್ತು. “ತೊಟ್ಟಿಲ ಕೌದಿ ಬೇಕಂತ.”

ಕಸ್ತೂರಿ ನಿಂಬೆವ್ವನ ಮಗಳು. ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಶಶಿಕಲಾ ತನ್ನ ತಂಗಿಗೆ ಒಮ್ಮೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಮಗ್ಗ ರಿಪೇರಿಗೆಂದು ಬಂದಿದ್ದ ಮರಾಠಿ ಹುಡುಗನನ್ನು ಕಸ್ತೂರಿ ಯಾರಿಗೂ ಹೇಳದೆ ಮದುವೆಯಾದಳಂತೆ. ಮಾರನೆಯ ದಿನ ಅವನೊಂದಿಗೆ ಹೊಸ್ತಿಲ ಹೊರಗೆ ಬಂದು, ಅವ್ವಾ ಉಡಿ ತುಂಬಿ ಕಳಿಸು ಎಂದು ಸೆರಗೊಡ್ಡಿ ನಿಂತಳಂತೆ. ನಿಂಬೆವ್ವ ಒಳಗೆ ಹೋಗಿ ಕದ ಹಾಕಿಕೊಂಡಳಂತೆ. ಮಗಳು ಬರಿಸೆರಗಿನಲ್ಲಿ ಎಷ್ಟು ಹೊತ್ತು ನಿಂತಿದ್ದಳೋ, ಆಗ ಹೊಸ ಸೊಸೆಯಾಗಿದ್ದ ಶಶಿಕಲಾ ಕಿಟಕಿಯಿಂದ ನೋಡಿ ಅತ್ತಿದ್ದಳಂತೆ.

ಈಗ ಆ ಮಗಳು ತೊಟ್ಟಿಲ ಕೌದಿ ಕೇಳಿದ್ದಾಳೆ ಎಂದರೆ ಅರ್ಥ ಮಾಡಿಕೊಳ್ಳಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಆಕೆ ಬಸುರಿ. ಒಂಬತ್ತು ವರ್ಷಕ್ಕೆ ಚೊಚ್ಚಲು.

ನಿಂಬೆವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ರೊಕ್ಕ ಹಾಕಿದ್ದಾಳೆಯೇ ಎಂದು ಕೇಳಿದಳು. ಕಾರ್ಡಿನಿಂದ ಪೂರ್ತಿ ಹಾಕಿದ್ದಾಳೆ, ಸಾಗಣೆಯ ಖರ್ಚೂ ಸೇರಿಸಿ, ಎಂದು ಸೊಸೆ ಹೇಳಿದಳು.

“ಹೊರಗಿನವರಂಗ” ಎಂದಳು ನಿಂಬೆವ್ವ.

ಶಶಿಕಲಾ ಫೋನು ಮಾಡೋಣವೇ ಎಂದಳು. ಆರ್ಡರಿನ ಜೊತೆ ಕಸ್ತೂರಿಯ ನಂಬರೂ ಇತ್ತು. ನಿಂಬೆವ್ವ ಬೇಡವೆಂದಳು. “ಅಕಿ ಬರದಾಳ, ಮಾತಾಡಿಲ್ಲ. ನಾನೂ ಮಾತಾಡಂಗಿಲ್ಲ. ಮೊದಲ ಕೌದಿ ಮುಟ್ಟಲಿ.” ಹಟ ಇಬ್ಬರಲ್ಲೂ ಒಂದೇ ಅಳತೆಯದು. ಅದನ್ನು ತೂಗಲು ನನ್ನಿಂದ ಆಗುತ್ತಿರಲಿಲ್ಲ.

ಆ ಕೌದಿಯನ್ನು ಆಕೆ ಹೊಲಿದ ಬಗೆ ಬೇರೆ. ಟ್ರಂಕಿನ ತಳದಿಂದ ತನ್ನ ಮದುವೆಯ ಸೀರೆ ತೆಗೆದು ಕತ್ತರಿಸಿದಳು. ಕಸ್ತೂರಿ ಬಿಟ್ಟುಹೋಗಿದ್ದ ಪರಕರ ಕತ್ತರಿಸಿದಳು. ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಒಬ್ಬಳೇ ನಗುತ್ತಿದ್ದಳು, ಒಬ್ಬಳೇ ಮೂಗು ಒರೆಸಿಕೊಳ್ಳುತ್ತಿದ್ದಳು. ಒಂಬತ್ತನೆಯ ದಿನ ಶಶಿಕಲಾ ಅದನ್ನು ಕಟ್ಟಿ, ಟೇಪು ಸುತ್ತಿ, ನನ್ನ ಮೇಲಿಟ್ಟಳು. ನಾನು ‘0.480’ ಎಂದೆ. ಅರ್ಧ ಕಿಲೋದೊಳಗೇ ಇದೆ ಎಂದು ಸಮಾಧಾನದಿಂದ ಫೋಟೋ ಹಿಡಿದು, ಚೀಟಿ ಅಂಟಿಸಿ, ಕೊರಿಯರಿನವನು ಬರುವುದರೊಳಗೆ ನೀರು ಹಿಡಿದು ಬರುತ್ತೇನೆಂದು ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು.

ಆಗ ನಿಂಬೆವ್ವ ಎದ್ದಳು. ಸೊಂಟದಲ್ಲಿ ಬಚ್ಚಿಟ್ಟುಕೊಂಡಿದ್ದ ಗಂಟೊಂದನ್ನು ತೆಗೆದಳು. ಹಸಿರು ಖಣದಲ್ಲಿ ಕಟ್ಟಿದ ಗಂಟು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಖಣ ಕೊಟ್ಟು ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಆ ಖಣದೊಳಗೆ ಒಂದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಅಡಿಕೆ, ಅರಿಶಿನದ ಬೇರು ಇದ್ದವು. ಟೇಪನ್ನು ಚೀಟಿ ಹರಿಯದ ಹಾಗೆ ಒಂದು ಬದಿಯಿಂದ ಬಿಚ್ಚಿ, ಕೌದಿಯ ಮಡಿಕೆಯ ನಡುವೆ ಗಂಟನ್ನಿಟ್ಟು, ಮತ್ತೆ ಟೇಪು ಸುತ್ತಿದಳು. ಒಂಬತ್ತು ವರ್ಷದ ಹಿಂದೆ ಹೊಸ್ತಿಲಲ್ಲಿ ತುಂಬದ ಉಡಿಯನ್ನು ಆಕೆ ಈಗ ತುಂಬಿದಳು.

ಕೆಲಸ ಮುಗಿಸಿ ಕಟ್ಟನ್ನು ಮೊದಲಿದ್ದ ಜಾಗದಲ್ಲೇ, ನನ್ನ ಮೇಲೇ ಇಟ್ಟಳು. ನಾನು ತಕ್ಷಣ ‘0.735’ ಎಂದೆ. ನನ್ನ ಬಳಿ ಇದ್ದ ಮಾತು ಅದೊಂದೇ, ಅದನ್ನು ಹೇಳಿದೆ. ನಿಂಬೆವ್ವ ಕೆಂಪು ಅಂಕಿಗಳ ಕಡೆ ನೋಡಿದಳು. ಆಕೆಗೆ ಓದು ಬಾರದು. ದೀಪ ಉರಿಯುತ್ತಿದೆ, ಅಷ್ಟೇ ಕಂಡಿತು. ದೇವರ ಮುಂದಿನ ದೀಪಕ್ಕೆ ಮುಗಿಯುವಂತೆ ನನಗೆ ಕೈಮುಗಿದಳು.

ಇನ್ನೂರೈವತ್ತೈದು ಗ್ರಾಂ ಹೆಚ್ಚಾಗಿದೆ ತಾಯಿ ಎಂದು ಕೂಗಿ ಹೇಳಲು ನನಗೊಂದು ಗಂಟಲಿದ್ದಿದ್ದರೆ! ಕೊರಿಯರಿನವನು ಬಂದ, ಚೀಟಿ ನೋಡಿದ, ಚೀಲಕ್ಕೆ ಹಾಕಿಕೊಂಡು ಹೋದ. ಶಶಿಕಲಾ ನೀರು ಹೊತ್ತು ಬರುವಷ್ಟರಲ್ಲಿ ನನ್ನ ಅಂಕಿ ಸೊನ್ನೆಗೆ ಬಂದಿತ್ತು.

ನಾಲ್ಕನೆಯ ದಿನ ಶಶಿಕಲಾಳ ಫೋನಿಗೆ ಸಂದೇಶ ಬಂತು. ನೀವು ಬರೆದ ತೂಕ ನಾಲ್ಕುನೂರ ಎಂಬತ್ತು, ನಮ್ಮಲ್ಲಿ ತೂಗಿದಾಗ ಏಳುನೂರ ಮೂವತ್ತೈದು, ಹೆಚ್ಚಿನ ಅರವತ್ತೆರಡು ರೂಪಾಯಿ ಒಪ್ಪಿಕೊಳ್ಳಿ, ಅಲ್ಲಿಯವರೆಗೆ ಕಟ್ಟು ಕೊಲ್ಹಾಪುರದ ಗೋದಾಮಿನಲ್ಲಿರುತ್ತದೆ, ಒಪ್ಪದಿದ್ದರೆ ವಾಪಸ್ ಬರುತ್ತದೆ ಎಂದು. ಶಶಿಕಲಾ ಸಿಟ್ಟಿಗೆದ್ದಳು. ಅರವತ್ತೆರಡು ರೂಪಾಯಿ ಆಕೆಗೆ ಭಾರವಾಗಿರಲಿಲ್ಲ. ಸುಳ್ಳು ತೂಕ ಬರೆದವಳು ಅನ್ನಿಸಿಕೊಳ್ಳುವುದು ಭಾರವಾಗಿತ್ತು. ಫೋಟೋ ಕಳಿಸಿದಳು. ಅವರು ಒಪ್ಪಲಿಲ್ಲ. ಮತ್ತೆ ಕಳಿಸಿದಳು. ಹಿಂದಿಯಲ್ಲಿ ಫೋನಿನಲ್ಲಿ ಜಗಳವಾಡಿದಳು. “ನಮ್ಮ ಕಾಟಾ ಸುಳ್ಳು ಹೇಳಂಗಿಲ್ಲ” ಎಂದು ಗಂಡನ ಹತ್ತಿರವೂ ಹೇಳಿಕೊಂಡಳು. ಆಕೆ ನನ್ನನ್ನು ಹೊಗಳಿದಷ್ಟೂ ನನಗೆ ಒಳಗೊಳಗೇ ಸುಡುತ್ತಿತ್ತು.

ಇದೆಲ್ಲ ಅತ್ತೆಗೆ ತಿಳಿಯದಂತೆ ನೋಡಿಕೊಂಡಳು. ಆಕೆಯ ಜೀವ ಆ ಕಟ್ಟಿನಲ್ಲಿದೆ ಎಂದು ಗೊತ್ತಿತ್ತು. ನಿಂಬೆವ್ವ ದಿನವೂ ಮುಟ್ಟಿತೇ ಎಂದು ಕೇಳುತ್ತಿದ್ದಳು, ಶಶಿಕಲಾ ದಿನವೂ ದಾರಿಯಲ್ಲಿದೆ ಎನ್ನುತ್ತಿದ್ದಳು. ತೂಕದ ತಕರಾರು ಎಂಬ ಒಂದು ಮಾತು ಅತ್ತೆಯ ಕಿವಿಗೆ ಬಿದ್ದಿದ್ದರೆ ಅಂದೇ ಎಲ್ಲ ಬಗೆಹರಿಯುತ್ತಿತ್ತು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಮುಚ್ಚಿಟ್ಟರು. ಮುಚ್ಚಿಟ್ಟ ಎರಡೂ ನನ್ನ ಮುಂದೆಯೇ ಇದ್ದವು.

ಇಪ್ಪತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಬೇರೆ ಸಂದೇಶ ಬಂತು. ಕಾರ್ಡಿನಿಂದ ಕೊಟ್ಟಿದ್ದ ಹಣವನ್ನು ಕಸ್ತೂರಿಯ ಬ್ಯಾಂಕು ಹಿಂದಕ್ಕೆ ಪಡೆದಿದೆ, ವಸ್ತು ತಲುಪಿಲ್ಲವೆಂದು ದೂರಿದೆ. ಶಶಿಕಲಾ ಅದನ್ನು ಓದುತ್ತಿರುವಾಗಲೇ ಹೊರಗೆ ಗಾಡಿ ನಿಂತಿತು. ಕೊರಿಯರಿನವನು ಅದೇ ಕಟ್ಟನ್ನು ತಂದು ಹೊಸ್ತಿಲ ಮೇಲಿಟ್ಟು, ವಾಪಸ್ ಬಂದಿದೆ ಎಂದು ಹೇಳಿ ಸಹಿ ಹಾಕಿಸಿಕೊಂಡು ಹೋದ. ಹೊಸ್ತಿಲ ಪಕ್ಕದಲ್ಲಿ ನಿಂಬೆವ್ವ ಕೂತಿದ್ದಳು. ತಾನು ಸುತ್ತಿದ ಟೇಪನ್ನು ಮುಟ್ಟಿ ನೋಡಿದಳು. ಅದನ್ನು ಯಾರೂ ಬಿಚ್ಚಿರಲಿಲ್ಲ.

“ಉಡಿ ತಿರುಗಿ ಕಳಿಸ್ಯಾಳ” ಎಂದಳು. ಶಶಿಕಲಾಳಿಗೆ ಆ ಮಾತು ಅರ್ಥವಾಗಲಿಲ್ಲ.

ಕೊರಿಯರಿನವರ ಸುಳ್ಳು ಹಿಡಿಯುತ್ತೇನೆಂದು ಆಕೆ ಕಟ್ಟನ್ನು ತಂದು ನನ್ನ ಮೇಲಿಟ್ಟಳು. ನಾನು ‘0.735’ ಎಂದೆ. ತೆಗೆದು ಮತ್ತೆ ಇಟ್ಟಳು. ಅದನ್ನೇ ಎಂದೆ. ನಾನೇ ಕೆಟ್ಟಿದ್ದೇನೆಂದು ಸಕ್ಕರೆ ಪಾಕೀಟು ತಂದಿಟ್ಟಳು. ಒಂದು ಕಿಲೋ ಎಂದು ಸರಿಯಾಗಿ ಹೇಳಿದೆ. ಆಗ ಆಕೆಯ ಮುಖದ ಬಣ್ಣ ಇಳಿಯಿತು. ಕತ್ತರಿ ತಂದು ಟೇಪು ಕತ್ತರಿಸಿದಳು. ಮಡಿಕೆ ಬಿಚ್ಚಿದಾಗ ಹಸಿರು ಗಂಟು ಜಾರಿ ನನ್ನ ತಟ್ಟೆಯ ಮೇಲೆ ಬಿತ್ತು.

ಶಶಿಕಲಾ ಅತ್ತೆಗೆ ಎಲ್ಲವನ್ನೂ ಹೇಳಿದಳು. ಗಂಟಿನಿಂದ ತೂಕ ಹೆಚ್ಚಾಯಿತು, ಕೊಲ್ಹಾಪುರದಲ್ಲಿ ತಡೆದರು, ಕಟ್ಟು ಕಸ್ತೂರಿಯ ಬಾಗಿಲಿಗೆ ಹೋಗಲೇ ಇಲ್ಲ ಎಂದಳು. ನಿಂಬೆವ್ವ ನಂಬಲಿಲ್ಲ. ರೊಕ್ಕವನ್ನೂ ಹಿಂದಕ್ಕೆ ಪಡೆದಳಲ್ಲ, ನನ್ನ ಸಮಾಧಾನಕ್ಕೆ ಹೇಳಬೇಡ ಎಂದಳು. ಆಗ ಶಶಿಕಲಾ ಯಾರನ್ನೂ ಕೇಳದೆ ಕಸ್ತೂರಿಗೆ ಫೋನು ಹಚ್ಚಿದಳು. ಫೋನನ್ನು ನನ್ನ ಪಕ್ಕದಲ್ಲಿಟ್ಟು, ಅತ್ತೆಗೂ ಕೇಳುವಂತೆ ದನಿ ಹೆಚ್ಚಿಸಿದಳು. ತಾನು ಶಶಿಕಲಾ ಎಂದು ಹೇಳಿದಳು.

“ಈಗ ಯಾಕ ಮಾಡಿದ್ರಿ ವೈನಿ” ಎಂದಿತು ಆ ಕಡೆಯ ದಣಿದ ದನಿ. “ನಾ ಕೌದಿ ಬೇಕಂತ ತರಸಾಕ ಹತ್ತಿರಲಿಲ್ಲ. ನನಗ ಅವ್ವ ಬೇಕಾಗಿದ್ಲು. ಗಾಡಿ ಸಪ್ಪಳಾದ್ರ ಸಾಕು, ಬಾಗಲಕ್ಕ ಬಂದು ನಿಂದರತಿದ್ದೆ. ನನ್ನ ಹೆಸರು ಓದಿ ಕಳಸಲಿಲ್ಲ ಅಂದ್ಕೊಂಡೆ.”

ಶಶಿಕಲಾ ಕೂಸಿನ ಬಗ್ಗೆ ಕೇಳಿದಳು.

“ಎಂಟು ತಿಂಗಳಿಗೇ ಹುಟ್ಟಿತ್ರಿ. ಹೆಣ್ಣು. ಮೂರು ದಿನ ಇತ್ತು.” ಆಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು. ಹಣವನ್ನು ಹಿಂದಕ್ಕೆ ಕೇಳಿದ್ದು ಗಂಡನಂತೆ, ದವಾಖಾನೆಗೆ ಬೇಕಾಗಿತ್ತಂತೆ. ಮೂರು ದಿನವೂ ಕೂಸನ್ನು ದವಾಖಾನೆಯ ಬಟ್ಟೆಯಲ್ಲೇ ಸುತ್ತಿದ್ದರಂತೆ.

ಶಶಿಕಲಾ ಅಳುತ್ತ ಗಂಟಿನ ವಿಷಯ ಹೇಳಿದಳು. ಕಸ್ತೂರಿ ಅದನ್ನು ಪೂರ್ತಿ ಕೇಳಿಸಿಕೊಂಡಳು. ನಂತರ, ಅವ್ವ ಉಡಿಯಲ್ಲಿ ಏನೇನು ಹಾಕಿದ್ದಳು ಎಂದು ಕೇಳಿದಳು. ಶಶಿಕಲಾ ಗಂಟು ಬಿಚ್ಚಿ ಒಂದೊಂದನ್ನೇ ಎತ್ತಿ ಹೇಳಿದಳು. ಅಕ್ಕಿ. ಕೊಬ್ಬರಿ. ಉತ್ತತ್ತಿ. ಅಡಿಕೆ. ಅರಿಶಿನ. ಹಸಿರು ಖಣ. ಖಣ ಎಂದಾಗ ಆ ಕಡೆಯಿಂದ ಬಂದ ಅಳುವನ್ನು ನಾನು ಇನ್ನೂ ಮರೆತಿಲ್ಲ.

ನಿಂಬೆವ್ವ ತನ್ನ ಬಲಗೈಯನ್ನು ನೋಡಿಕೊಳ್ಳುತ್ತ ಕೂತಿದ್ದಳು. “ನನ್ನ ಕೈಯಿಂದ ಆತು” ಎಂದಳು. ನಿಮ್ಮ ಕೈಯಿಂದಲ್ಲ, ನನ್ನ ಹಟದಿಂದ ಎಂದಳು ಶಶಿಕಲಾ. ಯಾರೂ ನನ್ನ ಹೆಸರು ಹೇಳಲಿಲ್ಲ. ಆದರೆ ನಾನು ಎರಡು ಸಲ ನಿಜ ಹೇಳಿದ್ದೆ, ಮೊದಲನೆಯದನ್ನು ಓದಬಲ್ಲವಳಿಗೆ, ಎರಡನೆಯದನ್ನು ಓದಲಾರದವಳಿಗೆ. ಆ ಎರಡು ನಿಜಗಳ ನಡುವೆ ಒಬ್ಬ ಬಾಣಂತಿ ತಾಯಿಯಿಲ್ಲದೆ ಉಳಿದಳು. ಆ ದಿನದಿಂದ ನನಗೆ ನನ್ನ ಸತ್ಯವಂತಿಕೆಯ ಮೇಲೆ ಹೇಸಿಗೆ ಬಂದಿದೆ.

ಮಾರನೆಯ ಬೆಳಿಗ್ಗೆ ನಿಂಬೆವ್ವ ಗಂಟನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದಳು. ಕೌದಿಯನ್ನು ಒಯ್ಯಲಿಲ್ಲ. ಎಂಟು ದಿನದ ಮೇಲೆ ತಿರುಗಿ ಬಂದು, ನನ್ನ ಮೇಜಿನ ಹತ್ತಿರ ಗೋಡೆಗೊರಗಿ ಕೂತಳು. ಶಶಿಕಲಾ ನೀರು ಕೊಟ್ಟಳು. ಅದನ್ನು ಕುಡಿದು ನಿಂಬೆವ್ವ ತಾನೇ ಹೇಳಿದಳು.

“ಒಳಗ ಕರದ್ಲು. ಸೆರಗೊಡ್ಡಿ ಉಡಿ ತುಂಬಿಸಿಕೊಂಡ್ಲು. ಆ ಅಕ್ಕಿ ಬೇಸಿದ್ಲು, ಇಬ್ಬರೂ ಉಂಡಿವಿ. ಕೂಸಿನ ಮಾರಿ ಯಾರಂಗಿತ್ತು ಅಂತ ಕೇಳಬೇಕಂತ ಎಂಟು ದಿನ ಕುಂತೆ. ಬಾಯಿ ಬರಲಿಲ್ಲ.”

ಅದಾದ ಮೇಲೆ ಅಂಗಡಿಯ ಪದ್ಧತಿ ಬದಲಾಯಿತು. ಈಗ ಮೊದಲು ಉಡಿ, ಆಮೇಲೆ ತೂಕ. ನಿಂಬೆವ್ವ ಎಷ್ಟು ಹಾಕುತ್ತಾಳೋ ಹಾಕಲಿ ಎಂದು ಶಶಿಕಲಾ ಕಾಯುತ್ತಾಳೆ. ಗೆರೆ ದಾಟಿದರೆ ಹೆಚ್ಚಿನ ಸಾಗಣೆಯನ್ನು ತಾನೇ ಕಟ್ಟುತ್ತಾಳೆ, ಗಿರಾಕಿಯ ಕಾರ್ಡಿಗೆ ಹಾಕುವುದಿಲ್ಲ. ಆದರೆ ಆ ತೂಕವನ್ನು ಹೇಳುವುದು ನಾನಲ್ಲ. ಆಕೆಗೆ ನನ್ನ ಅಂಕಿಗಳನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಹೊಸ ಕಾಟಾ ತಂದಳು. ನನ್ನ ವೈರನ್ನು ಮೈಗೆ ಸುತ್ತಿ, ಒರೆಸಿ, ಟ್ರಂಕಿನ ಪಕ್ಕದ ಮೂಲೆಯಲ್ಲಿಟ್ಟಳು. ಗುಜರಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

ನಿಂಬೆವ್ವ ಆ ಕೌದಿಯನ್ನು ತಂದು ನನ್ನ ಮೇಲೆಯೇ ಇಟ್ಟಿದ್ದಾಳೆ. ಅದನ್ನು ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ತೊಟ್ಟಿಲ ಕೌದಿ ಬೇಕೆಂದು ಕೇಳುವವರಿಗೆ ಬೇರೆ ಹೊಲಿದುಕೊಡುತ್ತಾಳೆ. ಹಾಳೆ ಟೇಪು ಬಿಟ್ಟರೆ ಅದು ನಾಲ್ಕುನೂರ ಹತ್ತು ಗ್ರಾಂ. ಈಗ ನನ್ನ ಅಂಕಿಗಳು ಬೆಳಗುವುದಿಲ್ಲ, ಆದರೂ ನನಗೆ ಗೊತ್ತು. ಅಮಾವಾಸ್ಯೆಗೊಮ್ಮೆ ಆಕೆ ಅದನ್ನು ಬಿಸಿಲಿಗೆ ಹಾಕಲು ಬರುತ್ತಾಳೆ. ಬೇರೆ ಕೌದಿಗಳನ್ನು ಒಂದೇ ಕೈಯಲ್ಲಿ ಎಳೆದು ಹೆಗಲಿಗೆ ಹಾಕಿಕೊಳ್ಳುವವಳು, ಇದನ್ನು ಮಾತ್ರ ಎರಡೂ ಕೈ ಕೊಟ್ಟು, ಮೇಲಿನ ಮಡಿಕೆಯ ಕೆಳಗೆ ಅಂಗೈ ಇಟ್ಟು, ಕತ್ತು ನಿಲ್ಲದ ಕೂಸನ್ನು ಎತ್ತುವ ಹಾಗೆ ಎತ್ತುತ್ತಾಳೆ.